ಬ್ಯಾಟರಿ ಇಂಟರ್‌ಕಾಮ್‌ನ ಗಂಟೆಗೆ ಆಸಿಲೇಟರ್: ಕೂಡಲೇ ಶುರುವಾಗಬೇಕು, ಸುಮ್ಮನಿರುವಾಗ ಕರೆಂಟ್ ಎಳೆಯಬಾರದು

ಗಂಟೆನಾದ ಕೇಳಿದ್ದು:

ಯಾಂತ್ರಿಕ ಗಂಟೆಯಿರುವ ಎರಡು ಹಳೆಯ ಡಯಲ್ ಟೆಲಿಫೋನ್‌ಗಳನ್ನು ಜೋಡಿಸಿ, ಒಂದು ಕಡೆ ರಿಸೀವರ್ ಎತ್ತಿದರೆ ಇನ್ನೊಂದು ಕಡೆ ಗಂಟೆ ಬಾರಿಸುವಂತಹ ಇಂಟರ್‌ಕಾಮ್ ಒಂದನ್ನು ರೂಪಿಸುತ್ತಿದ್ದೇನೆ. ಇಡೀ ವ್ಯವಸ್ಥೆ 12 ವೋಲ್ಟ್, 7 ಆಂಪಿಯರ್-ಅವರ್ ಲೆಡ್ ಆಸಿಡ್ ಬ್ಯಾಟರಿಯ ಮೇಲೆ ನಡೆಯಬೇಕು. ಯಾರೂ ಮಾತನಾಡದಿರುವಾಗ ಒಟ್ಟು ಕರೆಂಟ್ 100 ಮೈಕ್ರೋಆಂಪಿಯರ್ ಮೀರಬಾರದು ಎಂಬುದು ನಾನು ಹಾಕಿಕೊಂಡಿರುವ ಮಿತಿ. ಗಂಟೆಗೆ 25 ಹರ್ಟ್ಜ್ ಆವರ್ತನದ, ಸುಮಾರು 75 ವೋಲ್ಟ್‌ನ ಎಸಿ ಬೇಕು. ಗಂಟೆಯ ಲಯವನ್ನು ಬ್ರಿಟಿಷ್ ಮಾದರಿಯಂತೆ ಇಟ್ಟುಕೊಂಡಿದ್ದೇನೆ: 0.4 ಸೆಕೆಂಡ್ ನಾದ, 0.2 ಸೆಕೆಂಡ್ ಮೌನ, ಮತ್ತೆ 0.4 ಸೆಕೆಂಡ್ ನಾದ, ಆಮೇಲೆ 2 ಸೆಕೆಂಡ್ ಮೌನ. ಲಯವನ್ನು ಒಂದು ಸಣ್ಣ ಮೈಕ್ರೋಕಂಟ್ರೋಲರ್ ನೋಡಿಕೊಳ್ಳುತ್ತದೆ. ವೋಲ್ಟೇಜ್ ಏರಿಸಲು 230 ವೋಲ್ಟ್‌ನಿಂದ 18-0-18 ವೋಲ್ಟ್‌ಗೆ ಇಳಿಸುವ ಸಾಧಾರಣ ಟ್ರಾನ್ಸ್‌ಫಾರ್ಮರ್ ಅನ್ನು ಹಿಂದುಮುಂದಾಗಿ ಬಳಸುತ್ತಿದ್ದೇನೆ.

ಮೊದಲು ಆಪ್-ಆಂಪ್ (ಆಂಪ್ಲಿಫೈಯರ್ ಐಸಿ) ಒಂದರಿಂದ ವೀನ್ ಬ್ರಿಡ್ಜ್ ಎಂಬ ಆಸಿಲೇಟರ್ (ಕಂಪನ ಹುಟ್ಟಿಸುವ ಸರ್ಕ್ಯೂಟ್) ಕಟ್ಟಿ, ಅದರ ಸೈನ್ ತರಂಗವನ್ನು ಆಡಿಯೋ ಆಂಪ್ಲಿಫೈಯರ್ ಮೂಲಕ ಟ್ರಾನ್ಸ್‌ಫಾರ್ಮರ್‌ಗೆ ಕೊಟ್ಟಿದ್ದೆ. ಕರೆಂಟ್ ಉಳಿಸುವ ಉದ್ದೇಶದಿಂದ ಪ್ರತಿ ಮೌನದ ಅವಧಿಯಲ್ಲೂ ಆಸಿಲೇಟರ್‌ನ ಸಪ್ಲೈಯನ್ನೇ ಕಡಿಯುತ್ತಿದ್ದೆ. ಆಸಿಲೇಟರ್ ಅನ್ನು ನಿಲ್ಲಿಸದೆ ಓಡಿಸಿದರೆ ಗಂಟೆ ಚೆನ್ನಾಗಿಯೇ ಬಾರಿಸುತ್ತದೆ. ಲಯಕ್ಕೆ ತಕ್ಕಂತೆ ಹಾಕಿ ಆರಿಸಿದರೆ ಮಾತ್ರ 0.4 ಸೆಕೆಂಡಿನ ನಾದದಲ್ಲಿ ಕೊನೆಗೊಮ್ಮೆ ಸಣ್ಣಗೆ ಟಿಣ್ ಎನ್ನುವುದನ್ನು ಬಿಟ್ಟರೆ ಏನೂ ಕೇಳಿಸುವುದಿಲ್ಲ.

ಆದ್ದರಿಂದ ವೀನ್ ಬ್ರಿಡ್ಜ್ ಬಿಟ್ಟು, 4093 ಐಸಿಯ ಶ್ಮಿಟ್ ನ್ಯಾಂಡ್ ಗೇಟ್ (ಏರುವಾಗ ಒಂದು, ಇಳಿಯುವಾಗ ಇನ್ನೊಂದು ವೋಲ್ಟೇಜ್ ಮಿತಿಯಲ್ಲಿ ಬದಲಾಗುವ ಲಾಜಿಕ್ ಗೇಟ್) ಒಂದರಲ್ಲಿ ರೆಸಿಸ್ಟರ್, ಕೆಪಾಸಿಟರ್ ಹಾಕಿ ಗೇಟೆಡ್ ಆಸಿಲೇಟರ್ (ಒಂದು ಸಂಕೇತದಿಂದ ಓಡಿಸಿ ನಿಲ್ಲಿಸಬಹುದಾದದ್ದು) ಮಾಡಿದೆ. ಅದರ ಚೌಕ ತರಂಗ ನಾಲ್ಕು ಮಾಸ್‌ಫೆಟ್‌ಗಳ (ಸ್ವಿಚ್‌ನಂತೆ ಕೆಲಸ ಮಾಡುವ ಟ್ರಾನ್ಸಿಸ್ಟರ್‌ಗಳ) ಪೂರ್ಣ ಬ್ರಿಡ್ಜ್ ಮೂಲಕ, ದಿಕ್ಕು ಬದಲಿಸುತ್ತಾ, 36 ವೋಲ್ಟ್ ವೈಂಡಿಂಗ್‌ನ ಎರಡು ತುದಿಗಳಿಗೆ ಹೋಗುತ್ತದೆ. ಈಗ ಗಂಟೆ ತಕ್ಷಣ ಶುರುವಾಗುತ್ತದೆ. ಆದರೆ ಪ್ರತಿ ನಾದದ ಆರಂಭದಲ್ಲಿ ಟ್ರಾನ್ಸ್‌ಫಾರ್ಮರ್ 'ಧಡ್' ಎನ್ನುತ್ತದೆ, ಬ್ಯಾಟರಿ ವೋಲ್ಟೇಜ್ ಕ್ಷಣಕಾಲ ಕುಸಿಯುತ್ತದೆ, ಕೆಲವೊಮ್ಮೆ ಮೈಕ್ರೋಕಂಟ್ರೋಲರ್ ರೀಸೆಟ್ ಆಗಿಬಿಡುತ್ತದೆ. ಮೊದಲ ಎರಡು ಮೂರು ಆವರ್ತಗಳ ನಂತರ ಎಲ್ಲವೂ ಸರಿಹೋಗುತ್ತದೆ.

ಕೂಡಲೇ ಆರಂಭವಾಗುವ ಗುಣವನ್ನೂ ಕಡಿಮೆ ವಿದ್ಯುತ್ ಬಳಕೆಯನ್ನೂ ಒಟ್ಟಿಗೆ ಕೊಡುವ ಆಸಿಲೇಟರ್ ಯಾವುದು? ಆರಂಭದ ಈ ಕುಸಿತಕ್ಕೆ ಆಸಿಲೇಟರ್ ಕಾರಣವೋ, ಪವರ್ ಭಾಗವೋ?

---

ಮಂದ್ರಶ್ರುತಿ ಉತ್ತರಿಸಿದ್ದು:

ನಿಮ್ಮ ವೀನ್ ಬ್ರಿಡ್ಜ್ ಕೆಟ್ಟಿರಲಿಲ್ಲ, ಅದು ತನ್ನ ಸ್ವಭಾವದಂತೆಯೇ ನಡೆದುಕೊಂಡಿತು. ಸೈನ್ ತರಂಗದ ಆಸಿಲೇಟರ್ ಶೂನ್ಯದಿಂದ ಪೂರ್ಣ ಮಟ್ಟಕ್ಕೆ ಹಾರುವುದಿಲ್ಲ. ಸಪ್ಲೈ ಹಾಕಿದಾಗ ಉಂಟಾಗುವ ಸಣ್ಣ ಧಕ್ಕೆಯಿಂದಲೋ, ಆಂಪ್ಲಿಫೈಯರ್‌ನ ಸ್ವಂತ ನಾಯ್ಸ್‌ನಿಂದಲೋ ಮೊಳೆತ ಕಂಪನ ಪ್ರತಿ ಆವರ್ತಕ್ಕೂ ಇಷ್ಟಿಷ್ಟೇ ಬೆಳೆಯುತ್ತಾ ಹೋಗುತ್ತದೆ. ಎಷ್ಟು ಬೇಗ ಬೆಳೆಯುತ್ತದೆ ಎಂಬುದನ್ನು ನಿರ್ಧರಿಸುವುದು, ವೀನ್ ಬ್ರಿಡ್ಜ್‌ಗೆ ಬೇಕಾದ ಕನಿಷ್ಠ ಗೇನ್ (ವರ್ಧನೆಯ ಪಟ್ಟು) ಆದ 3ಕ್ಕಿಂತ ನೀವು ಎಷ್ಟು ಹೆಚ್ಚು ಗೇನ್ ಇಟ್ಟಿದ್ದೀರಿ ಎಂಬುದು. ಬೆಳವಣಿಗೆಯ ದರವೆಂದರೆ ಆ ಹೆಚ್ಚುವರಿಯ ಅರ್ಧವನ್ನು ಕೋನೀಯ ಆವರ್ತನದಿಂದ (ಆವರ್ತನದ 2π ಪಟ್ಟು) ಗುಣಿಸಿದಷ್ಟು.

ಗೇನ್ 3.1 ಎಂದಿಟ್ಟುಕೊಳ್ಳಿ. 25 ಹರ್ಟ್ಜ್‌ಗೆ ಕೋನೀಯ ಆವರ್ತನ ಸೆಕೆಂಡಿಗೆ 157 ರೇಡಿಯನ್, ಅದರ 0.05 ಪಾಲು 7.85. ಅಂದರೆ ಕಂಪನದ ಎತ್ತರ 2.72 ಪಟ್ಟು ಆಗಲು 0.127 ಸೆಕೆಂಡ್ ಬೇಕು, 1 ಮಿಲಿವೋಲ್ಟ್‌ನಿಂದ 1 ವೋಲ್ಟ್‌ಗೆ ಏರಲು ಸುಮಾರು 0.88 ಸೆಕೆಂಡ್ ಬೇಕು. ನಿಮ್ಮ ನಾದದ ಅವಧಿಯೇ 0.4 ಸೆಕೆಂಡ್. ಅಷ್ಟರಲ್ಲಿ ಅದು 23 ಪಟ್ಟು ಮಾತ್ರ ಬೆಳೆದಿರುತ್ತದೆ, ಆಗ ನೀವು ಸಪ್ಲೈ ಕಡಿಯುತ್ತೀರಿ, ಮುಂದಿನ ಸಲ ಮತ್ತೆ ಮೊದಲಿನಿಂದ ಶುರು. ಎತ್ತರವನ್ನು ಸ್ಥಿರಗೊಳಿಸಲು ಸಣ್ಣ ಬಲ್ಬ್ ಬಳಸುವ ವಿನ್ಯಾಸಗಳು ಇಲ್ಲಿ ಇನ್ನೂ ಕೆಟ್ಟವು, ಏಕೆಂದರೆ 25 ಹರ್ಟ್ಜ್‌ನಲ್ಲಿ ಬಲ್ಬಿನ ತಂತಿ ಪ್ರತಿ ಆವರ್ತದಲ್ಲೂ ಕಾದು ತಣಿಯಲು ತೊಡಗುತ್ತದೆ.

ಗೇನ್ ಅನ್ನು 4ಕ್ಕೆ ಏರಿಸಿದರೆ ಇದೇ ಲೆಕ್ಕ 0.09 ಸೆಕೆಂಡಿಗೆ ಇಳಿಯುತ್ತದೆ. ತರಂಗದ ತಲೆ ಚಪ್ಪಟೆಯಾಗುತ್ತದೆ, ನಿಜ. ಗಂಟೆಗೆ ಅದರಿಂದ ತೊಂದರೆಯಿಲ್ಲ. ಹಾಗಿದ್ದರೂ ಇದು ನನಗೆ ಒಪ್ಪಿಗೆಯಾಗುವ ಪರಿಹಾರವಲ್ಲ, ಏಕೆಂದರೆ ಆರಂಭದ ಹಂತ (ತರಂಗ ತನ್ನ ಆವರ್ತದ ಯಾವ ಬಿಂದುವಿನಲ್ಲಿದೆ ಎಂಬುದು) ಪ್ರತಿ ಸಲವೂ ಬೇರೆ ಬೇರೆಯಾಗಿರುತ್ತದೆ.

ಸೈನ್ ತರಂಗವೇ ಬೇಕೆಂದಾದರೆ ಎರಡು ಇಂಟಿಗ್ರೇಟರ್‌ಗಳ (ಒಳಬರುವ ವೋಲ್ಟೇಜನ್ನು ಕೆಪಾಸಿಟರ್‌ನಲ್ಲಿ ಕೂಡಿಸುತ್ತಾ ಹೋಗುವ ಸರ್ಕ್ಯೂಟ್‌ಗಳ) ಕ್ವಾಡ್ರೇಚರ್ ಆಸಿಲೇಟರ್ ಕಟ್ಟಿ. ಮೌನದ ಅವಧಿಯಲ್ಲಿ 4066 ಅನಲಾಗ್ ಸ್ವಿಚ್ ಮೂಲಕ ಒಂದು ಇಂಟಿಗ್ರೇಟರ್‌ನ ಕೆಪಾಸಿಟರ್ ಅನ್ನು ಶೂನ್ಯದಲ್ಲಿ ಹಿಡಿದಿಡಿ, ಇನ್ನೊಂದನ್ನು ನಿಮಗೆ ಬೇಕಾದ ಪೂರ್ಣ ಎತ್ತರದ ವೋಲ್ಟೇಜಿಗೆ ಚಾರ್ಜ್ ಮಾಡಿ ಹಿಡಿದಿಡಿ. ನಾದದ ಸಮಯ ಬಂದಾಗ ಎರಡನ್ನೂ ಒಟ್ಟಿಗೆ ಬಿಟ್ಟುಬಿಡಿ. ಮೊದಲ ಕ್ಷಣದಿಂದಲೇ ಪೂರ್ಣ ಎತ್ತರದ ತರಂಗ ಸಿಗುತ್ತದೆ, ಅದೂ ಪ್ರತಿ ಸಲ ಒಂದೇ ಹಂತದಿಂದ. ಉಯ್ಯಾಲೆಯನ್ನು ಗಾಳಿ ತೂಗಲಿ ಎಂದು ಕಾಯುವ ಬದಲು, ಹಿಂದಕ್ಕೆ ಎಳೆದು ಹಿಡಿದು ಕೈಬಿಟ್ಟಂತೆ. ಟಿಎಲ್‌ಸಿ27ಎಲ್2 ತರಹದ ಆಪ್-ಆಂಪ್ ಬಳಸಿದರೆ, ಎರಡೂ ಆಂಪ್ಲಿಫೈಯರ್ ಸೇರಿ 5 ವೋಲ್ಟ್‌ನಲ್ಲಿ ಸುಮಾರು 20 ಮೈಕ್ರೋಆಂಪಿಯರ್ ಮಾತ್ರ ತೆಗೆದುಕೊಳ್ಳುತ್ತವೆ. ಅದನ್ನು ಆರಿಸುವ ಅಗತ್ಯವೇ ಬೀಳುವುದಿಲ್ಲ.

---

ಹಳೆ ಎಕ್ಸ್‌ಚೇಂಜ್ ಉತ್ತರಿಸಿದ್ದು:

ಆಸಿಲೇಟರ್‌ನ ಸಪ್ಲೈ ಕಡಿದು ಉಳಿಸುವುದೆಷ್ಟು ಎಂಬುದನ್ನು ಮೊದಲು ಲೆಕ್ಕ ಹಾಕೋಣ. ಸಾಂಪ್ರದಾಯಿಕ ಒಂದು ಗಂಟೆಯ ಹೊರೆಯನ್ನು 20 ಹರ್ಟ್ಜ್‌ನಲ್ಲಿ ಸುಮಾರು 7 ಕಿಲೋಓಮ್ ಎಂದು ಹಿಡಿಯುವುದು ವಾಡಿಕೆ. 25 ಹರ್ಟ್ಜ್‌ನಲ್ಲೂ ಅಂದಾಜಿಗೆ ಅಷ್ಟೇ ಸಾಕು. 75 ವೋಲ್ಟ್‌ನಲ್ಲಿ ಅದಕ್ಕೆ 0.8 ವೋಲ್ಟ್-ಆಂಪಿಯರ್ ಬೇಕು. ಟ್ರಾನ್ಸ್‌ಫಾರ್ಮರ್‌ನ ನಷ್ಟ ಸೇರಿಸಿದರೆ ಗಂಟೆ ಬಾರಿಸುವಾಗ ಬ್ಯಾಟರಿಯಿಂದ 100 ಮಿಲಿಆಂಪಿಯರ್ ಆಸುಪಾಸಿನಲ್ಲಿ ಹೋಗುತ್ತದೆ. ಅದರ ಮುಂದೆ ಕೆಲವು ಹತ್ತು ಮೈಕ್ರೋಆಂಪಿಯರ್‌ನ ಆಸಿಲೇಟರ್ ಯಾವ ಲೆಕ್ಕ? ಗಂಟೆ ಬಾರಿಸುವಾಗ ಆಸಿಲೇಟರ್ ಎಷ್ಟು ತೆಗೆದುಕೊಂಡರೂ ನಡೆಯುತ್ತದೆ. ಯಾರೂ ಕರೆ ಮಾಡದ ದಿನಗಟ್ಟಲೆಯ ಅವಧಿಯಲ್ಲಿ ಏನು ಸೋರುತ್ತದೆ ಎಂಬುದನ್ನು ಮಾತ್ರ ನೋಡಬೇಕು. ನಾದ ಮತ್ತು ನಾದದ ನಡುವಿನ 0.2 ಸೆಕೆಂಡಿನಲ್ಲಿ ಆಸಿಲೇಟರ್ ಆರಿಸಿ ಉಳಿಸುವುದಕ್ಕೆ ಅರ್ಥವಿಲ್ಲ. ಕರೆ ಶುರುವಾದಾಗ ಒಮ್ಮೆ ಹಾಕಿ, ಕರೆ ಮುಗಿಯುವವರೆಗೆ ಓಡಲು ಬಿಡಿ. ಲಯವನ್ನು ಆಸಿಲೇಟರ್‌ನ ಬದಲು ಪವರ್ ಬ್ರಿಡ್ಜ್‌ನ ಮೇಲೆ ಹೇರಿ.

ಹಳೆಯ ಟೆಲಿಫೋನ್ ಎಕ್ಸ್‌ಚೇಂಜ್‌ಗಳಲ್ಲಿ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಗಂಟೆಯ ಕರೆಂಟ್ ಹುಟ್ಟಿಸುವ ಮೋಟಾರ್-ಜನರೇಟರ್ ಯಂತ್ರ ಹಗಲೂ ರಾತ್ರಿ ತಿರುಗುತ್ತಿತ್ತು. ಅದಕ್ಕೇ ಜೋಡಿಸಿದ ಕ್ಯಾಮ್‌ಗಳು ಸಂಪರ್ಕಗಳನ್ನು ತೆರೆದು ಮುಚ್ಚಿ ಲಯವನ್ನು ಕೊಡುತ್ತಿದ್ದವು. ಮುಂದೆ ತಿರುಗುವ ಭಾಗಗಳಿಲ್ಲದ ಪರಿವರ್ತಕಗಳು ಬಂದಾಗಲೂ ಮೂಲ ನಿರಂತರವಾಗಿಯೇ ಇತ್ತು. 60 ಹರ್ಟ್ಜ್ ಮೇನ್ಸ್ ಅನ್ನು ಮೂರರಿಂದ ಭಾಗಿಸಿದರೆ 20, 50 ಹರ್ಟ್ಜ್ ಅನ್ನು ಎರಡರಿಂದ ಭಾಗಿಸಿದರೆ 25, ಮೂರರಿಂದಾದರೆ 16⅔. ಗಂಟೆಗೆ ಹೆಚ್ಚಾಗಿ ಬಳಕೆಯಲ್ಲಿದ್ದ ಆವರ್ತನಗಳೂ ಇವೇ. ಕೂಡಲೇ ಶುರುವಾಗಬೇಕೆಂಬ ಅವಸರ ಹುಟ್ಟಿದ್ದು ಬ್ಯಾಟರಿಯನ್ನು ನೆಚ್ಚಿಕೊಂಡ ಸಣ್ಣ ಉಪಕರಣಗಳು ಬಂದ ಮೇಲೆ.

ನಿಮ್ಮ 100 ಮೈಕ್ರೋಆಂಪಿಯರ್ ಮಿತಿಯ ಬಗ್ಗೆ ಒಂದು ಮಾತು. ಲೆಡ್ ಆಸಿಡ್ ಬ್ಯಾಟರಿ ಸುಮ್ಮನೆ ಇಟ್ಟರೂ ತಿಂಗಳಿಗೆ ಸುಮಾರು ಶೇಕಡಾ 3ರಷ್ಟು ಚಾರ್ಜ್ ಕಳೆದುಕೊಳ್ಳುತ್ತದೆ. 7 ಆಂಪಿಯರ್-ಅವರ್‌ನಲ್ಲಿ ಅದು 0.21 ಆಂಪಿಯರ್-ಅವರ್, ತಿಂಗಳ 720 ತಾಸುಗಳಿಗೆ ಹಂಚಿದರೆ 290 ಮೈಕ್ರೋಆಂಪಿಯರ್. ನಿಮ್ಮ ಸರ್ಕ್ಯೂಟ್ ತೆಗೆದುಕೊಳ್ಳುವುದಕ್ಕಿಂತ ಬ್ಯಾಟರಿ ತಾನಾಗಿ ಕಳೆದುಕೊಳ್ಳುವುದೇ ಸುಮಾರು ಮೂರು ಪಟ್ಟು. ಆದ್ದರಿಂದ ಆ ಮಿತಿಯನ್ನು ಇನ್ನೂ ಬಿಗಿಗೊಳಿಸಲು ಹೋಗಿ ಸರ್ಕ್ಯೂಟನ್ನು ಸಿಕ್ಕಾಗಿಸಿಕೊಳ್ಳಬೇಡಿ.

---

ಸುರುಳಿ ಸುತ್ತುವವ ಉತ್ತರಿಸಿದ್ದು:

ಮೇಲಿನ ಇಬ್ಬರೂ ಹೇಳಿದ್ದು ಸರಿ, ಆದರೆ 'ಧಡ್' ಎನ್ನುವುದರ ಕಾರಣ ಇನ್ನೂ ಯಾರೂ ಹೇಳಿಲ್ಲ. ಅದು ಟ್ರಾನ್ಸ್‌ಫಾರ್ಮರ್‌ನ ಕೋರ್ (ಕಬ್ಬಿಣದ ತಿರುಳು) ಸ್ಯಾಚುರೇಟ್ ಆಗುವ, ಅಂದರೆ ಇನ್ನಷ್ಟು ಫ್ಲಕ್ಸ್ (ಕಾಂತೀಯ ಹರಿವು) ಹಿಡಿಯಲಾರದಷ್ಟು ತುಂಬುವ ಸದ್ದು, ಮತ್ತು ಅದಕ್ಕೆ ಅರ್ಧ ಕಾರಣ ನಿಮ್ಮ ಆಸಿಲೇಟರ್.

ಮೊದಲು ಟ್ರಾನ್ಸ್‌ಫಾರ್ಮರ್ ಎಷ್ಟು ಫ್ಲಕ್ಸ್ ತಾಳಬಲ್ಲದೆಂದು ನೋಡಿ. 230 ವೋಲ್ಟ್, 50 ಹರ್ಟ್ಜ್ ಸೈನ್ ತರಂಗಕ್ಕೆ ಮಾಡಿದ ವೈಂಡಿಂಗ್‌ನಲ್ಲಿ ಫ್ಲಕ್ಸ್ ಒಂದು ದಿಕ್ಕಿನಲ್ಲಿ ತಲಪುವ ತುದಿ, ವೋಲ್ಟೇಜಿನ ತುದಿಯಾದ 325 ವೋಲ್ಟ್ ಅನ್ನು ಕೋನೀಯ ಆವರ್ತನವಾದ 314ರಿಂದ ಭಾಗಿಸಿದರೆ ಬರುವ 1.035 ವೋಲ್ಟ್-ಸೆಕೆಂಡ್. ತಯಾರಕರು ಇದಕ್ಕಿಂತ ಹೆಚ್ಚಿನ ಅವಕಾಶವನ್ನು ಧಾರಾಳವಾಗಿ ಬಿಟ್ಟಿರುವುದಿಲ್ಲ. ನಿಮ್ಮ ಬ್ರಿಡ್ಜ್ 36 ವೋಲ್ಟ್ ವೈಂಡಿಂಗ್‌ಗೆ 12 ವೋಲ್ಟ್ ಕೊಡುತ್ತದೆ, ಆಚೆ ಕಡೆ 77 ವೋಲ್ಟ್‌ನ ಚೌಕ ತರಂಗ ಬರುತ್ತದೆ. 25 ಹರ್ಟ್ಜ್‌ನ ಅರ್ಧಾವರ್ತ 20 ಮಿಲಿಸೆಕೆಂಡ್. 77 ಗುಣಿಸು 0.02 ಅಂದರೆ 1.54 ವೋಲ್ಟ್-ಸೆಕೆಂಡ್. ತರಂಗ ಸ್ಥಿರವಾದ ಮೇಲೆ ಫ್ಲಕ್ಸ್ ಈ ಮೊತ್ತವನ್ನು ಎರಡು ದಿಕ್ಕಿಗೂ ಸಮನಾಗಿ ಹಂಚಿಕೊಂಡು ಋಣ 0.77ರಿಂದ ಧನ 0.77ರವರೆಗೆ ಓಡಾಡುತ್ತದೆ. 1.035ರ ಒಳಗೇ ಇರುವುದರಿಂದ ತೊಂದರೆಯಿಲ್ಲ. ಮೊದಲ ಆವರ್ತಗಳ ನಂತರ ಎಲ್ಲವೂ ಸರಿಹೋಗುವುದು ಇದಕ್ಕೇ.

ಆರಂಭದಲ್ಲಿ ಫ್ಲಕ್ಸ್ ಋಣ 0.77ರಲ್ಲಿ ಇರುವುದಿಲ್ಲ, ಶೂನ್ಯದಲ್ಲಿರುತ್ತದೆ. ಅಲ್ಲಿಂದ ಪೂರ್ತಿ ಅರ್ಧಾವರ್ತ ಒಂದೇ ದಿಕ್ಕಿಗೆ ವೋಲ್ಟೇಜ್ ಕೊಟ್ಟರೆ ಅದು 1.54ಕ್ಕೆ ಹೋಗಲು ಯತ್ನಿಸುತ್ತದೆ. ದಾರಿಯಲ್ಲೇ ಕೋರ್ ತುಂಬಿಹೋಗಿ, ವೈಂಡಿಂಗ್‌ನ ಇಂಡಕ್ಟನ್ಸ್ ಮಾಯವಾಗಿ, ತಾಮ್ರದ ತಂತಿಯ ರೋಧವೊಂದೇ ಬ್ಯಾಟರಿಗೆ ಎದುರು ನಿಲ್ಲುತ್ತದೆ. ನಿಮ್ಮ ಕುಸಿತ ಅಲ್ಲಿಯದು.

ಇದರ ಮೇಲೆ 4093ರ ಕೊಡುಗೆ ಬೇರೆ. ಗೇಟೆಡ್ ಆಸಿಲೇಟರ್ ತಡೆಹಿಡಿದ ಸ್ಥಿತಿಯಲ್ಲಿರುವಾಗ ಅದರ ಔಟ್‌ಪುಟ್ ಮೇಲಿರುತ್ತದೆ, ಕೆಪಾಸಿಟರ್ ಪೂರ್ಣ ಸಪ್ಲೈ ವೋಲ್ಟೇಜಿಗೆ ಚಾರ್ಜ್ ಆಗಿರುತ್ತದೆ. 5 ವೋಲ್ಟ್ ಸಪ್ಲೈಯಲ್ಲಿ ಶ್ಮಿಟ್ ಗೇಟಿನ ಎರಡು ಮಿತಿಗಳು ಸುಮಾರು 2.9 ಮತ್ತು 1.9 ವೋಲ್ಟ್ ಎಂದುಕೊಂಡರೆ, ಮಾಮೂಲಿ ಆವರ್ತದಲ್ಲಿ ಕೆಪಾಸಿಟರ್ 2.9ರಿಂದ 1.9ಕ್ಕೆ ಇಳಿದರೆ ಸಾಕು; ಮೊದಲ ಸಲ ಮಾತ್ರ 5ರಿಂದ 1.9ಕ್ಕೆ ಇಳಿಯಬೇಕು. ಲಾಗರಿದಮ್ ಹಾಕಿ ನೋಡಿದರೆ ಮೊದಲ ಪಲ್ಸ್ ಉಳಿದವಕ್ಕಿಂತ 2.3 ಪಟ್ಟು ಉದ್ದ, ಅಂದರೆ 20ರ ಬದಲು 46 ಮಿಲಿಸೆಕೆಂಡ್. ಫ್ಲಕ್ಸ್ ಬೇಡಿಕೆ 3.5 ವೋಲ್ಟ್-ಸೆಕೆಂಡಿಗೆ ಏರುತ್ತದೆ! ಮಿತಿಗಳು ಒಂದು ಐಸಿಯಿಂದ ಇನ್ನೊಂದಕ್ಕೆ ಸಾಕಷ್ಟು ಬದಲಾಗುವುದರಿಂದ ನಿಮ್ಮಲ್ಲಿ ಈ ಸಂಖ್ಯೆ ಸ್ವಲ್ಪ ಬೇರೆ ಇರಬಹುದು, ದಿಕ್ಕು ಇದೇ. 555 ಟೈಮರ್ ಐಸಿಯಲ್ಲೂ ಇದೇ ಕಥೆ: ಮೊದಲ ಪಲ್ಸ್‌ನಲ್ಲಿ ಕೆಪಾಸಿಟರ್ ಶೂನ್ಯದಿಂದ ಸಪ್ಲೈಯ ಮೂರನೇ ಎರಡು ಭಾಗದವರೆಗೆ ಏರಬೇಕಾದ್ದರಿಂದ ಸುಮಾರು 1.6 ಪಟ್ಟು ಉದ್ದವಾಗುತ್ತದೆ.

ಟ್ರಾನ್ಸ್‌ಫಾರ್ಮರ್‌ಗೆ ಬೇಕಾದದ್ದು ಇದಕ್ಕೆ ತದ್ವಿರುದ್ಧ: ಮೊದಲ ಪಲ್ಸ್ ಉಳಿದವುಗಳ ಅರ್ಧದಷ್ಟೇ ಇರಬೇಕು, ಅಂದರೆ 10 ಮಿಲಿಸೆಕೆಂಡ್. ಆಗ ಫ್ಲಕ್ಸ್ ಶೂನ್ಯದಿಂದ 0.77ಕ್ಕೆ ಹೋಗಿ, ಅಲ್ಲಿಂದ ಸಹಜ ಓಡಾಟಕ್ಕೆ ಸೇರಿಕೊಳ್ಳುತ್ತದೆ.

ಇದನ್ನು ಅಗ್ಗವಾಗಿ ಪಡೆಯುವ ದಾರಿ 4060 ಐಸಿ. ಅದರೊಳಗೆ ಆಸಿಲೇಟರ್ ಮತ್ತು 14 ಹಂತಗಳ ಕೌಂಟರ್ ಎರಡೂ ಇವೆ; ರೀಸೆಟ್ ಪಿನ್ ಮೇಲೆತ್ತಿದರೆ ಆಸಿಲೇಟರ್ ನಿಲ್ಲುತ್ತದೆ, ಕೌಂಟರ್ ಸೊನ್ನೆಯಾಗುತ್ತದೆ, ಲೀಕೇಜ್ ಬಿಟ್ಟರೆ ಬೇರೆ ಕರೆಂಟ್ ಇರುವುದಿಲ್ಲ. ಟೈಮಿಂಗ್ ರೆಸಿಸ್ಟರ್ 270 ಕಿಲೋಓಮ್, ಕೆಪಾಸಿಟರ್ 1 ನ್ಯಾನೋಫ್ಯಾರಡ್, ಇನ್‌ಪುಟ್ ಪಿನ್ನಿಗೆ ಹೋಗುವ ರೆಸಿಸ್ಟರ್ 2.7 ಮೆಗಾಓಮ್ ಹಾಕಿದರೆ ಆಸಿಲೇಟರ್ ಸುಮಾರು 1610 ಹರ್ಟ್ಜ್‌ನಲ್ಲಿ ಓಡುತ್ತದೆ. ಆರನೇ ಹಂತದಲ್ಲಿ 64ರಿಂದ ಭಾಗವಾಗಿ 25.2 ಹರ್ಟ್ಜ್ ಸಿಗುತ್ತದೆ. ಆಸಿಲೇಟರ್‌ನ ಮೊದಲ ಆವರ್ತ ಉದ್ದವಾದರೂ ಆ ದೋಷ 64ನೇ ಒಂದು ಭಾಗಕ್ಕೆ ಕರಗಿಹೋಗುತ್ತದೆ. ಈಗ ಐದನೇ ಮತ್ತು ಆರನೇ ಹಂತಗಳ ಔಟ್‌ಪುಟ್‌ಗಳನ್ನು 4070ರ ಎಕ್ಸ್‌ಕ್ಲೂಸಿವ್-ಆರ್ ಗೇಟ್ (ಎರಡು ಇನ್‌ಪುಟ್‌ಗಳು ಬೇರೆ ಬೇರೆಯಾಗಿದ್ದಾಗ ಮಾತ್ರ ಔಟ್‌ಪುಟ್ ಮೇಲಿರುವ ಗೇಟ್) ಒಂದಕ್ಕೆ ಕೊಡಿ. ಸೊನ್ನೆಯಿಂದ ಎಣಿಕೆ ಶುರುವಾದಾಗ ಆ ಗೇಟಿನ ಔಟ್‌ಪುಟ್ ಕಾಲು ಆವರ್ತ ಕೆಳಗೆ, ಅರ್ಧ ಆವರ್ತ ಮೇಲೆ, ಮತ್ತೆ ಕಾಲು ಆವರ್ತ ಕೆಳಗೆ ಇರುತ್ತದೆ. ಮೊದಲ ಪಲ್ಸ್ ತಾನಾಗಿಯೇ ಅರ್ಧವಾಯಿತು. ಅಷ್ಟೇ ಅಲ್ಲ, ಪೂರ್ಣ ಆವರ್ತಗಳನ್ನು ಎಣಿಸಿ ನಿಲ್ಲಿಸಿದರೆ ಕೊನೆಯ ಪಲ್ಸೂ ಅರ್ಧವಾಗಿ, ಫ್ಲಕ್ಸ್ ಶೂನ್ಯಕ್ಕೆ ಮರಳಿ ನಿಲ್ಲುತ್ತದೆ. ನಿಮ್ಮ ಲಯದಲ್ಲಿ 0.4 ಸೆಕೆಂಡ್ ಎಂದರೆ ಸರಿಯಾಗಿ 10 ಆವರ್ತ, 0.2 ಎಂದರೆ 5, 2 ಸೆಕೆಂಡ್ ಎಂದರೆ 50.

ಒಂದು ಎಚ್ಚರಿಕೆ: ಗೇಟ್ ಕೆಳಗಿರುವುದು ಎಂದರೆ ಬ್ರಿಡ್ಜ್ ಎದುರು ದಿಕ್ಕಿನಲ್ಲಿ ವೋಲ್ಟೇಜ್ ಕೊಡುತ್ತಿದೆ ಎಂದೇ ಹೊರತು ಸುಮ್ಮನಿದೆ ಎಂದಲ್ಲ. ಮೌನದ ಅವಧಿಯಲ್ಲಿ ಬ್ರಿಡ್ಜ್‌ನ ಎರಡೂ ಮೇಲಿನ ಮಾಸ್‌ಫೆಟ್‌ಗಳು ಆರಿರುವಂತೆ ಪ್ರತ್ಯೇಕ ಎನೇಬಲ್ ತಂತಿ ಇರಲೇಬೇಕು.

---

ಗಂಟೆನಾದ ಬರೆದದ್ದು:

ಎಲ್ಲರಿಗೂ ಧನ್ಯವಾದಗಳು. ಬ್ರಿಡ್ಜ್‌ನ ಕೆಳಭಾಗದಲ್ಲಿ 0.1 ಓಮ್ ರೆಸಿಸ್ಟರ್ ಸೇರಿಸಿ ಆಸಿಲೋಸ್ಕೋಪ್‌ನಲ್ಲಿ ನೋಡಿದೆ. ಮೊದಲ ಪಲ್ಸ್ ಶುರುವಾದ ಮೇಲೆ ಸುಮಾರು 15 ಮಿಲಿಸೆಕೆಂಡ್‌ವರೆಗೆ ಕರೆಂಟ್ ತಣ್ಣಗಿದ್ದು, ಆಮೇಲೆ ಗೋಡೆಯಂತೆ ನೆಟ್ಟಗೆ ಏರುತ್ತದೆ. ಪಲ್ಸ್ ಮುಗಿಯುವವರೆಗೂ ಇಳಿಯುವುದಿಲ್ಲ. ಸುರುಳಿ ಸುತ್ತುವವರು ಹೇಳಿದ ಲೆಕ್ಕಕ್ಕೆ ಇದು ತಾಳೆಯಾಗುತ್ತದೆ. 4060 ಮತ್ತು ಎಕ್ಸ್‌ಕ್ಲೂಸಿವ್-ಆರ್ ಗೇಟ್ ಹಾಕಿದ ಮೇಲೆ ಆ ಗೋಡೆ ಇಲ್ಲವಾಗಿದೆ, ಧಡ್ ಸದ್ದೂ ನಿಂತಿದೆ.

ಉಳಿದಿರುವ ಪ್ರಶ್ನೆಗಳು ಎರಡು. ಹೇಗೂ ಮೈಕ್ರೋಕಂಟ್ರೋಲರ್ ಇರುವುದರಿಂದ 25 ಹರ್ಟ್ಜ್ ಅನ್ನು ಅದರಲ್ಲೇ ಹುಟ್ಟಿಸಬಹುದೇ? ಅದು ನಿದ್ರೆಯಿಂದ ಎದ್ದು ತನ್ನ ಕ್ರಿಸ್ಟಲ್ ಸ್ಥಿರಗೊಳ್ಳುವವರೆಗೆ ಕಾಯಬೇಕಾಗುತ್ತದೆಯಲ್ಲ, ಅಲ್ಲಿಯೂ ವೀನ್ ಬ್ರಿಡ್ಜ್‌ನಂತಹದೇ ವಿಳಂಬವಿದೆಯೇ? ಎರಡನೆಯದು, ಚೌಕ ತರಂಗದಿಂದ ಬೇರೆ ತೊಂದರೆ ಏನಾದರೂ ಇದೆಯೇ?

---

ಎಂಟು ಬಿಟ್ ಉತ್ತರಿಸಿದ್ದು:

ವಿಳಂಬವಿದೆ, ಕಾರಣವೂ ಅದೇ. ಕ್ರಿಸ್ಟಲ್ ಕೂಡ ನಾಯ್ಸ್‌ನಿಂದ ಬೆಳೆಯಬೇಕು, ಮತ್ತು ಅದರ ಕ್ಯೂ (ಕಂಪನದಲ್ಲಿ ನಷ್ಟ ಎಷ್ಟು ಕಡಿಮೆ ಎಂಬುದರ ಅಳತೆ) ಎಷ್ಟು ಹೆಚ್ಚೋ ಬೆಳವಣಿಗೆ ಅಷ್ಟು ನಿಧಾನ. 32,768 ಹರ್ಟ್ಜ್‌ನ ವಾಚ್ ಕ್ರಿಸ್ಟಲ್‌ಗೆ ಕ್ಯೂ 50,000 ಎಂದುಕೊಂಡರೆ ಅದರ ಸಹಜ ಕಾಲಮಾನ, ಎರಡು ಪಟ್ಟು ಕ್ಯೂ ಅನ್ನು ಕೋನೀಯ ಆವರ್ತನದಿಂದ ಭಾಗಿಸಿದಷ್ಟು, ಅಂದರೆ ಸುಮಾರು ಅರ್ಧ ಸೆಕೆಂಡ್. ಆಂಪ್ಲಿಫೈಯರ್ ಕೊಡುವ ಋಣ ರೋಧ (ಕ್ರಿಸ್ಟಲ್‌ನ ನಷ್ಟವನ್ನು ತುಂಬಿಕೊಡುವ ಪರಿಣಾಮ) ಕ್ರಿಸ್ಟಲ್‌ನ ರೋಧಕ್ಕಿಂತ ಐದು ಪಟ್ಟು ಇದ್ದರೆ ಆ ಕಾಲಮಾನ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಆದರೂ ನಾಯ್ಸ್‌ನಿಂದ ಪೂರ್ಣ ಮಟ್ಟಕ್ಕೆ ಬರಲು ಅಂತಹ ಹಲವು ಕಾಲಮಾನಗಳು ಬೇಕಾಗುವುದರಿಂದ ಒಂದು ಸೆಕೆಂಡ್ ಆಸುಪಾಸು ಆಗಿಯೇ ಆಗುತ್ತದೆ. ಅದೇ ಕ್ಯೂ ಇರುವ 4 ಮೆಗಾಹರ್ಟ್ಜ್ ಕ್ರಿಸ್ಟಲ್‌ನ ಸಹಜ ಕಾಲಮಾನ 4 ಮಿಲಿಸೆಕೆಂಡ್. ಸೆರಾಮಿಕ್ ರೆಸೊನೇಟರ್‌ನ ಕ್ಯೂ ಸಾವಿರದ ಆಸುಪಾಸಿನಲ್ಲಿರುವುದರಿಂದ ಅದು ಇನ್ನೂ ಬಹಳ ಬೇಗ ಏಳುತ್ತದೆ. ಆರ್‌ಸಿ (ರೆಸಿಸ್ಟರ್-ಕೆಪಾಸಿಟರ್) ಆಸಿಲೇಟರ್‌ಗೆ ಮೈಕ್ರೋಸೆಕೆಂಡ್‌ಗಳು ಸಾಕು. ಮೊದಲ ಪೀಳಿಗೆಯ ಎಂಎಸ್‌ಪಿ430 ಮೈಕ್ರೋಕಂಟ್ರೋಲರ್‌ಗಳೇ ತಮ್ಮ ಒಳಗಿನ ಆಸಿಲೇಟರ್‌ನಿಂದ 6 ಮೈಕ್ರೋಸೆಕೆಂಡ್‌ನೊಳಗೆ ಎದ್ದು ನಿಲ್ಲುತ್ತಿದ್ದವು.

ಈ ವಿಷಯದಲ್ಲಿ ಬಹುತೇಕರು ಹಿಡಿಯುವ ದಾರಿಗಿಂತ ನನ್ನ ಸಲಹೆ ಬೇರೆ. ನಿಧಾನವಾಗಿ ಏಳುವ ವಾಚ್ ಕ್ರಿಸ್ಟಲ್ ಅನ್ನು ಮಲಗಿಸಲೇಬೇಡಿ. ಅದು ಸದಾ ಓಡುತ್ತಿದ್ದರೂ ಒಂದು ಮೈಕ್ರೋಆಂಪಿಯರ್ ಆಸುಪಾಸಿನಲ್ಲಿ ತೃಪ್ತಿಪಟ್ಟುಕೊಳ್ಳುತ್ತದೆ, ನಿಮ್ಮ ಮಿತಿಯ ನೂರನೇ ಒಂದು ಭಾಗ. ಮಲಗಿಸಬೇಕಾದದ್ದು ಪ್ರೊಸೆಸರ್ ನಡೆಸುವ ವೇಗದ ಆರ್‌ಸಿ ಗಡಿಯಾರವನ್ನು, ಏಕೆಂದರೆ ಕರೆಂಟ್ ತಿನ್ನುವುದೂ ಅದೇ, ಕರೆದ ಕೂಡಲೇ ಏಳುವುದೂ ಅದೇ.

32,768ನ್ನು 25ರಿಂದ ನೇರವಾಗಿ ಭಾಗಿಸಲು ಬರುವುದಿಲ್ಲ, ಆದರೆ ಹಂತ ಸಂಚಯನದ ವಿಧಾನ ಇಲ್ಲಿ ಅಚ್ಚುಕಟ್ಟಾಗಿ ಹೊಂದುತ್ತದೆ. ಕ್ರಿಸ್ಟಲ್ ಅನ್ನು 32ರಿಂದ ಭಾಗಿಸಿ ಸೆಕೆಂಡಿಗೆ 1024 ಬಾರಿ ಇಂಟರಪ್ಟ್ (ಪ್ರೊಸೆಸರನ್ನು ಕರೆಯುವ ಸಂಕೇತ) ಪಡೆಯಿರಿ. ಪ್ರತಿ ಸಲವೂ 16 ಬಿಟ್‌ನ ಒಂದು ಸಂಖ್ಯೆಗೆ 1600 ಕೂಡಿಸಿ. ಅದು 65,536 ದಾಟಿ ಸುತ್ತು ಹಾಕುವುದು ಸೆಕೆಂಡಿಗೆ ಸರಿಯಾಗಿ 25 ಸಲ. 20 ಹರ್ಟ್ಜ್ ಬೇಕಾದವರು 1280 ಕೂಡಿಸಲಿ. ಸಂಖ್ಯೆಯ ತಲೆಯ ಬಿಟ್ಟೇ ನಿಮ್ಮ ಚೌಕ ತರಂಗ. ಮೇಲಿನ ಕೆಲವು ಬಿಟ್‌ಗಳನ್ನು ಸೈನ್ ಪಟ್ಟಿಗೆ ಸೂಚಿಯಾಗಿ ಕೊಟ್ಟರೆ ಪಿಡಬ್ಲ್ಯೂಎಂ (ಪಲ್ಸ್‌ಗಳ ಅಗಲ ಬದಲಿಸುವ ವಿಧಾನ) ಮೂಲಕ ಸೈನ್ ತರಂಗವೂ ಸಿಗುತ್ತದೆ. ನಾದದ ಆರಂಭದಲ್ಲಿ ಸಂಖ್ಯೆಯನ್ನು ಸೊನ್ನೆಯ ಬದಲು 16,384 ಎಂದು ಇಟ್ಟು ಶುರು ಮಾಡಿದರೆ ಮೊದಲ ಪಲ್ಸ್ 10 ಮಿಲಿಸೆಕೆಂಡಿಗೇ ಮುಗಿಯುತ್ತದೆ. ಎಕ್ಸ್‌ಕ್ಲೂಸಿವ್-ಆರ್ ಗೇಟ್ ಮಾಡಿದ ಕೆಲಸವನ್ನೇ ಇಲ್ಲಿ ಒಂದು ಆರಂಭಿಕ ಬೆಲೆ ಮಾಡುತ್ತದೆ. ಪ್ರತಿ ಆವರ್ತಕ್ಕೆ 41ರಷ್ಟು ಹೆಜ್ಜೆಗಳಿರುವುದರಿಂದ ಅಂಚುಗಳು ಒಂದು ಮಿಲಿಸೆಕೆಂಡ್‌ನೊಳಗೆ ಅತ್ತಿತ್ತ ಸರಿಯುತ್ತವೆ. ಗಂಟೆಯ ಸುತ್ತಿಗೆಗೆ ಅದು ತಿಳಿಯುವುದೂ ಇಲ್ಲ.

16,384ರಿಂದ ಶುರು ಮಾಡಿ ಎಂದದ್ದು ಟ್ರಾನ್ಸ್‌ಫಾರ್ಮರ್ ಇರುವವರಿಗೆ ಮಾತ್ರ. ಹೆಚ್ಚಿನ ಡಿಸಿ ವೋಲ್ಟೇಜ್ ಹುಟ್ಟಿಸಿಕೊಂಡು, ಲೈನ್ ಅನ್ನು ನೇರವಾಗಿ ಬ್ರಿಡ್ಜ್‌ನಿಂದ ನಡೆಸುವ ವಿನ್ಯಾಸವಾದರೆ ಫ್ಲಕ್ಸ್‌ನ ಪ್ರಶ್ನೆಯೇ ಇಲ್ಲ. ಅಲ್ಲಿ ಸೈನ್ ತರಂಗವನ್ನು ಶೂನ್ಯದಿಂದಲೇ ಆರಂಭಿಸಬೇಕು, ಇಲ್ಲದಿದ್ದರೆ ಗಂಟೆಯ ಸರಣಿ ಕೆಪಾಸಿಟರ್ ಮೊದಲ ಕ್ಷಣದಲ್ಲೇ ಜೋರಾಗಿ ಕರೆಂಟ್ ಎಳೆಯುತ್ತದೆ.

---

ಮಂದ್ರಶ್ರುತಿ ಉತ್ತರಿಸಿದ್ದು:

ಚೌಕ ತರಂಗದ ಬಗ್ಗೆ. ಗಂಟೆಗೆ ಅದು ಸಮಸ್ಯೆಯಲ್ಲ. ಪಕ್ಕದ ತಂತಿಗಳಿಗೆ ಸಮಸ್ಯೆ. ಚೂಪಾದ ಅಂಚುಗಳಲ್ಲಿರುವ ಮೇಲಿನ ಆವರ್ತನಗಳು ಒಂದೇ ಕೇಬಲ್‌ನ ಬೇರೆ ಜೋಡಿಗಳಿಗೆ ಸೋರಿ, ಅಲ್ಲಿ ಮಾತನಾಡುವವರ ಕಿವಿಗೆ ಟಕಟಕ ಎಂದು ಕೇಳಿಸುತ್ತವೆ. ಇದನ್ನು ತಪ್ಪಿಸಲು, ಆದರೆ ಸೈನ್ ತರಂಗಕ್ಕೆ ಬೇಕಾದಷ್ಟು ಎತ್ತರದ ಸಪ್ಲೈ ಬೇಡವೆಂದು, ಟೆಲಿಫೋನ್ ಲೈನ್ ಐಸಿಗಳಲ್ಲಿ ಇಳಿಜಾರು ಅಂಚಿನ ಟ್ರೆಪೀಝಿಯಮ್ ತರಂಗ ಬಳಸುವುದುಂಟು. 75 ವೋಲ್ಟ್ ಸೈನ್ ತರಂಗದ ತುದಿ 106 ವೋಲ್ಟ್. ತುದಿಗೂ ಪರಿಣಾಮಕಾರಿ (ಆರ್‌ಎಂಎಸ್) ಬೆಲೆಗೂ ಇರುವ ಅನುಪಾತ 1.25 ಆಗಿರುವ ಟ್ರೆಪೀಝಿಯಮ್‌ಗೆ 94 ಸಾಕು. ನಿಮ್ಮಲ್ಲಿ ಇರುವುದು ಒಂದೇ ಜೋಡಿ ತಂತಿಯಾದರೆ ಚೌಕ ತರಂಗವನ್ನೇ ಇಟ್ಟುಕೊಳ್ಳಿ. ಮೂರನೆಯ ಟೆಲಿಫೋನ್ ಸೇರಿಸುವ ಯೋಚನೆಯಿದ್ದರೆ ಮಾತ್ರ ಎಂಟು ಬಿಟ್ ಅವರ ಸೈನ್ ಪಟ್ಟಿಯ ಕಡೆ ಹೋಗಿ. ಆಗ 12 ವೋಲ್ಟ್ ತುದಿಯ ಸೈನ್ ತರಂಗದಿಂದ ಆಚೆ ಕಡೆ 54 ವೋಲ್ಟ್ ಮಾತ್ರ ಬರುವುದರಿಂದ ಟ್ರಾನ್ಸ್‌ಫಾರ್ಮರ್ ಅನ್ನೂ ಬದಲಾಯಿಸಬೇಕಾಗುತ್ತದೆ. 12-0-12ರ ಎರಡು ತುದಿಗಳನ್ನು ಬಳಸಿದರೆ 81 ವೋಲ್ಟ್ ಸಿಗುತ್ತದೆ. 25 ಹರ್ಟ್ಜ್‌ನಲ್ಲಿ ಆ ವೈಂಡಿಂಗ್ 115 ವೋಲ್ಟ್‌ವರೆಗೆ ತಾಳುತ್ತದೆ.

---

ಸುರುಳಿ ಸುತ್ತುವವ ಉತ್ತರಿಸಿದ್ದು:

ಇನ್ನೊಂದು ಸಂಗತಿ ಉಳಿದಿದೆ. ಆ ಕಡೆಯವರು ಗಂಟೆ ಬಾರಿಸುತ್ತಿರುವಾಗಲೇ ರಿಸೀವರ್ ಎತ್ತುತ್ತಾರೆ, ಮತ್ತು ಅವರು ನಿಮ್ಮ 10 ಆವರ್ತಗಳು ಮುಗಿಯಲೆಂದು ಕಾಯುವುದಿಲ್ಲ. ಎತ್ತಿದ್ದು ಗೊತ್ತಾದ ಕೂಡಲೇ ಗಂಟೆಯ ವೋಲ್ಟೇಜ್ ನಿಲ್ಲಬೇಕು, ಇಲ್ಲದಿದ್ದರೆ ಅದು ಕಿವಿಗೆ ಹೋಗುತ್ತದೆ. ಆದರೆ ಬ್ರಿಡ್ಜ್ ಅನ್ನು ಆವರ್ತದ ನಡುವೆ ಆರಿಸಿದರೆ ಕೋರ್‌ನಲ್ಲಿ ಒಂದಷ್ಟು ಫ್ಲಕ್ಸ್ ಉಳಿದುಬಿಡಬಹುದು, ಮುಂದಿನ ಕರೆಯ ಮೊದಲ ಪಲ್ಸ್ ಶೂನ್ಯದ ಬದಲು ಅಲ್ಲಿಂದ ಶುರುವಾಗುತ್ತದೆ. ಉಳಿದದ್ದು 0.26 ವೋಲ್ಟ್-ಸೆಕೆಂಡ್ ಮೀರಿ, ಅದೇ ದಿಕ್ಕಿನಲ್ಲಿದ್ದರೆ ನಿಮ್ಮ ಧಡ್ ಮರಳಿ ಬರುತ್ತದೆ, ಅದೂ ಯಾವಾಗಲೋ ಒಮ್ಮೆ ಮಾತ್ರ. ಅಂತಹ ದೋಷವನ್ನು ಹುಡುಕುವುದು ಬಹಳ ಕಷ್ಟ.

ಆದ್ದರಿಂದ ಎರಡು ಕೆಲಸಗಳನ್ನು ಬೇರ್ಪಡಿಸಿ. ರಿಸೀವರ್ ಎತ್ತಿದ್ದು ಗೊತ್ತಾದ ಕ್ಷಣ ರಿಲೇ ಮೂಲಕ ಲೈನ್ ಅನ್ನು ಟ್ರಾನ್ಸ್‌ಫಾರ್ಮರ್‌ನಿಂದ ಬಿಡಿಸಿ ಮಾತಿನ ಸರ್ಕ್ಯೂಟ್‌ಗೆ ಸೇರಿಸಿ. ಬ್ರಿಡ್ಜ್ ಮಾತ್ರ ಹಿಡಿದ ಆವರ್ತವನ್ನು ಮುಗಿಸಿಯೇ ನಿಲ್ಲಲಿ. ಹೆಚ್ಚೆಂದರೆ 40 ಮಿಲಿಸೆಕೆಂಡ್, ಅದೂ ಹೊರೆಯಿಲ್ಲದೆ.

---

ಗಂಟೆನಾದ ಬರೆದದ್ದು:

ರಿಲೇ ಹೇಗೂ ಇದೆ, ಆದ್ದರಿಂದ ಇದು ಪ್ರೋಗ್ರಾಂನಲ್ಲಿ ಮಾಡುವ ಬದಲಾವಣೆ ಮಾತ್ರ. 4060 ತೆಗೆದು ಹಂತ ಸಂಚಯನದ ವಿಧಾನಕ್ಕೆ ಹೋಗುತ್ತೇನೆ, ವಾಚ್ ಕ್ರಿಸ್ಟಲ್ ಸದಾ ಓಡುತ್ತಿರುತ್ತದೆ. ಎರಡೇ ಟೆಲಿಫೋನ್‌ಗಳಾದ್ದರಿಂದ ಚೌಕ ತರಂಗವನ್ನೇ ಉಳಿಸಿಕೊಳ್ಳುತ್ತೇನೆ.